ದಿಗಂತದ ಮೋಡ ಕೆಂಪಾಗುವುದೇಕೆ? ಬೆಳಕಿನ ಎರಡು ಪಯಣಗಳ ಲೆಕ್ಕ

2022ರ ಮೇ 7ರ ರಾತ್ರಿ ಚೀನಾದ ಬಂದರು ನಗರ ಝೌಶಾನ್‌ನ ಆಕಾಶ ಇದ್ದಕ್ಕಿದ್ದಂತೆ ಕಡುಗೆಂಪಾಯಿತು. ಸೂರ್ಯ ಮುಳುಗಿ ಬಹಳ ಹೊತ್ತಾಗಿತ್ತು. ಮನೆಗಳ ಬಾಲ್ಕನಿಯಿಂದ ತೆಗೆದ ವಿಡಿಯೊಗಳು ಕೆಲವೇ ಗಂಟೆಗಳಲ್ಲಿ ಜಗತ್ತಿನಾದ್ಯಂತ ಹರಡಿದವು. ಎಲ್ಲೋ ಭಾರಿ ಬೆಂಕಿ ಬಿದ್ದಿದೆ ಎಂದರು ಕೆಲವರು. ಭೂಕಂಪದ ಮುನ್ಸೂಚನೆ ಎಂದರು ಇನ್ನು ಕೆಲವರು. ಸೂರ್ಯನಿಂದ ಹೊಮ್ಮಿದ ಬಿರುಗಾಳಿಯ ಪರಿಣಾಮ ಎಂದವರೂ ಇದ್ದರು.

ಇಂಥ ಸುದ್ದಿ ಅದೇ ಮೊದಲಲ್ಲ, ಕೊನೆಯದೂ ಆಗಲಿಲ್ಲ. 2019ರ ಸೆಪ್ಟೆಂಬರ್‌ನಲ್ಲಿ ಇಂಡೊನೇಷ್ಯಾದ ಜಾಂಬಿ ಪ್ರಾಂತ್ಯದಲ್ಲಿ ನಡುಹಗಲೇ ಆಕಾಶ ಕೆಂಪಾಗಿತ್ತು. 2020ರ ಸೆಪ್ಟೆಂಬರ್ 9ರಂದು ಸ್ಯಾನ್ ಫ್ರಾನ್ಸಿಸ್ಕೊ ನಗರ ಇಡೀ ದಿನ ಕಿತ್ತಳೆ ಬಣ್ಣದಲ್ಲಿ ಮುಳುಗಿತ್ತು. 2024ರ ಏಪ್ರಿಲ್‌ನಲ್ಲಿ ಅಥೆನ್ಸ್ ನಗರದ ಸರದಿ. ಪ್ರತಿ ಸಲವೂ ವರದಿಗಳಲ್ಲಿ ಒಂದೇ ಮಾತು ಬರುತ್ತದೆ: ‘ಇದು ಬೆಳಕಿನ ಚದುರುವಿಕೆಯ ಪರಿಣಾಮ’. ಮಾತು ಸುಳ್ಳಲ್ಲ, ಆದರೆ ಅದರಿಂದ ಓದುಗರ ಗೊಂದಲ ಕಡಿಮೆಯಾಗುವ ಬದಲು ಹೆಚ್ಚುತ್ತದೆ. ಏಕೆಂದರೆ ಪ್ರತಿದಿನ ಸಂಜೆ ದಿಗಂತದಲ್ಲಿ ಕೆಂಪಾಗುವ ಮೋಡಕ್ಕೂ ಇದೇ ವಿವರಣೆ ಕೊಡಲಾಗುತ್ತದೆ. ಹಾಗಿದ್ದರೆ ದಿನನಿತ್ಯದ ಕೆಂಪು ಯಾವುದು, ಎಚ್ಚರಿಕೆಯ ಕೆಂಪು ಯಾವುದು? ಇದನ್ನು ಬಿಡಿಸಿಕೊಳ್ಳಬೇಕಾದರೆ ಸಾಮಾನ್ಯ ಸಂಜೆಯ ಮೋಡದಿಂದಲೇ ಆರಂಭಿಸಬೇಕು.

ಮೋಡ ಎಂಬ ಬಿಳಿ ಪರದೆ

ಮೋಡವೆಂದರೆ ತೇಲುವ ನೀರಿನ ಹನಿಗಳ, ಎತ್ತರದಲ್ಲಾದರೆ ಹಿಮಹರಳುಗಳ, ಸಮೂಹ. ಸಾಮಾನ್ಯ ಮೋಡದ ಒಂದು ಹನಿಯ ಅಡ್ಡಳತೆ ಸುಮಾರು 10ರಿಂದ 20 ಮೈಕ್ರೊಮೀಟರ್ (ಮಿಲಿಮೀಟರ್‌ನ ಸಾವಿರದಲ್ಲೊಂದು ಪಾಲು ಒಂದು ಮೈಕ್ರೊಮೀಟರ್). ಕಣ್ಣಿಗೆ ಕಾಣದಷ್ಟು ಸಣ್ಣದು ನಿಜ, ಆದರೆ ಬೆಳಕಿನ ಅಳತೆಯಲ್ಲಿ ಅದು ಬಹಳ ದೊಡ್ಡದು. ಕಣ್ಣಿಗೆ ಕಾಣುವ ಬೆಳಕಿನ ತರಂಗಾಂತರ ಸುಮಾರು 0.4ರಿಂದ 0.7 ಮೈಕ್ರೊಮೀಟರ್ ಮಾತ್ರ. ತನ್ನ ತರಂಗಾಂತರಕ್ಕಿಂತ ಹತ್ತಾರು ಪಟ್ಟು ದೊಡ್ಡದಾದ ಹನಿಗೆ ಬಡಿದಾಗ ನೀಲಿ, ಹಸಿರು, ಕೆಂಪು ಎಂಬ ಭೇದವಿಲ್ಲದೆ ಎಲ್ಲ ಬಣ್ಣಗಳೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಚದುರುತ್ತವೆ.

ಹೀಗಾಗಿ ಮೋಡ ಒಂದು ಬಿಳಿ ಪರದೆ. ಅದರ ಮೇಲೆ ಯಾವ ಬಣ್ಣದ ಬೆಳಕು ಬೀಳುತ್ತದೋ ಅದನ್ನೇ ಹಿಂದಿರುಗಿಸುತ್ತದೆ. ನಡುಹಗಲಿನ ಬಿಳಿ ಬೆಳಕು ಬಿದ್ದರೆ ಬಿಳಿ, ಬೆಳಕು ಒಳಗೆ ಇಳಿಯದಷ್ಟು ದಪ್ಪವಾಗಿದ್ದರೆ ಅದರ ತಳ ಬೂದು. ಕೆಂಪು ಮೋಡವನ್ನು ನೋಡಿ ‘ಮೋಡದಲ್ಲಿ ಏನು ಸೇರಿಕೊಂಡಿದೆ?’ ಎಂದು ಕೇಳುವುದು ಸಹಜ. ಆದರೆ ಬಹುತೇಕ ಸಂದರ್ಭಗಳಲ್ಲಿ ಉತ್ತರ ಮೋಡದೊಳಗೆ ಇರುವುದಿಲ್ಲ. ಬೆಳಕು ಎಲ್ಲಿಂದ ಹೊರಟಿತು, ಮೋಡವನ್ನು ಮುಟ್ಟುವ ಮೊದಲು ಏನನ್ನು ಹಾದು ಬಂತು, ಮುಟ್ಟಿದ ಮೇಲೆ ನಮ್ಮ ಕಣ್ಣಿಗೆ ಬರುವಾಗ ಮತ್ತೇನನ್ನು ಹಾದು ಬಂತು ಎಂಬುದರಲ್ಲಿ ಇರುತ್ತದೆ.

ಗಾಳಿ ನೀಲಿಯನ್ನು ಕಳೆಯುವ ಬಗೆ

ಗಾಳಿಯ ಅಣುಗಳ ಕಥೆ ಹನಿಗಳ ಕಥೆಗೆ ತದ್ವಿರುದ್ಧ. ಅವು ಬೆಳಕಿನ ತರಂಗಾಂತರಕ್ಕಿಂತ ಸಾವಿರ ಪಟ್ಟು ಚಿಕ್ಕವು. ಅಷ್ಟು ಚಿಕ್ಕ ಕಣಗಳು ಬೆಳಕನ್ನು ಚದುರಿಸುವಾಗ ಬಣ್ಣಗಳ ನಡುವೆ ತೀವ್ರ ಪಕ್ಷಪಾತ ಮಾಡುತ್ತವೆ. 1871ರಲ್ಲಿ ಬ್ರಿಟನ್ನಿನ ಭೌತವಿಜ್ಞಾನಿ ಲಾರ್ಡ್ ರ್‍ಯಾಲೆ ಇದರ ಸೂತ್ರವನ್ನು ಕಂಡುಹಿಡಿದರು: ಚದುರುವ ಪ್ರಮಾಣ ತರಂಗಾಂತರದ ನಾಲ್ಕನೆಯ ಘಾತಕ್ಕೆ ವಿಲೋಮವಾಗಿರುತ್ತದೆ. 450 ನ್ಯಾನೊಮೀಟರ್‌ನ (ಅಂದರೆ 0.45 ಮೈಕ್ರೊಮೀಟರ್‌ನ) ನೀಲಿ ಬೆಳಕು 650 ನ್ಯಾನೊಮೀಟರ್‌ನ ಕೆಂಪಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ಚದುರುತ್ತದೆ. ದೂಳಿಲ್ಲದಿದ್ದರೂ ಬರಿಯ ಗಾಳಿಯ ಅಣುಗಳಿಂದಲೇ ಆಕಾಶ ನೀಲಿಯಾಗಬಲ್ಲದು ಎಂದು ಅವರು 1899ರಲ್ಲಿ ತೋರಿಸಿದರು.

ಹಗಲಿನ ನೀಲಿ ಆಕಾಶವೂ ಸಂಜೆಯ ಕೆಂಪು ಮೋಡವೂ ಒಂದೇ ಲೆಕ್ಕದ ಎರಡು ಬದಿಗಳು. ದಾರಿಯಲ್ಲಿ ಚದುರಿ ಹೋದ ನೀಲಿ ಯಾರದೋ ತಲೆಯ ಮೇಲಿನ ನೀಲಿ ಆಕಾಶವಾಗುತ್ತದೆ. ನೀಲಿಯನ್ನು ಕಳೆದುಕೊಂಡು ಮುಂದೆ ಸಾಗಿದ ಬೆಳಕು ಕೆಂಪಾಗುತ್ತದೆ. ಎಷ್ಟು ಕೆಂಪಾಗುತ್ತದೆ ಎಂಬುದು ಬೆಳಕು ಎಷ್ಟು ಗಾಳಿಯನ್ನು ಹಾಯಬೇಕು ಎಂಬುದನ್ನು ಅವಲಂಬಿಸಿದೆ.

ಇಲ್ಲಿ ಅಂಕಿಗಳನ್ನು ನೋಡದೆ ಮುಂದೆ ಹೋಗಬಾರದು. ಶುದ್ಧ ಗಾಳಿಯಲ್ಲಿ, ಸೂರ್ಯ ನಡುನೆತ್ತಿಯಲ್ಲಿದ್ದಾಗ, ವಾಯುಮಂಡಲವನ್ನು ಹೊಕ್ಕ ನೀಲಿ ಬೆಳಕಿನ 100 ಪಾಲಿನಲ್ಲಿ ಸುಮಾರು 80 ಪಾಲು ನೇರವಾಗಿ ನೆಲ ಮುಟ್ಟುತ್ತದೆ. ಕೆಂಪಿನಲ್ಲಿ ಸುಮಾರು 95. ವ್ಯತ್ಯಾಸ ಅಷ್ಟೇನೂ ಇಲ್ಲ. ಸೂರ್ಯ ದಿಗಂತದಿಂದ 10 ಡಿಗ್ರಿ ಎತ್ತರಕ್ಕೆ ಇಳಿದಾಗ ಬೆಳಕು ಹಾಯಬೇಕಾದ ಗಾಳಿ ಐದೂವರೆ ಪಟ್ಟಾಗುತ್ತದೆ. ಆಗ ಉಳಿಯುವ ನೀಲಿ 29 ಪಾಲು, ಕೆಂಪು 76. ಸೂರ್ಯ ದಿಗಂತವನ್ನೇ ಮುಟ್ಟಿದಾಗ ಗಾಳಿಯ ದಾರಿ ಸುಮಾರು 38 ಪಟ್ಟು. ಆ ಹೊತ್ತಿಗೆ ಕೆಂಪಿನಲ್ಲಿ ಸುಮಾರು 15 ಪಾಲು ಉಳಿದಿರುತ್ತದೆ, ಹಸಿರಿನಲ್ಲಿ ಎರಡು-ಮೂರು ಪಾಲು. ನೀಲಿಯನ್ನು ನೂರರ ಲೆಕ್ಕದಲ್ಲಿ ಹೇಳಲಾಗದು, ಹತ್ತು ಸಾವಿರ ಪಾಲಿನಲ್ಲಿ ಎರಡೋ ಮೂರೋ ಮಾತ್ರ. ಎರಡು ಬಣ್ಣಗಳ ನಡುವೆ ನಾಲ್ಕು ಪಟ್ಟು ಇದ್ದ ಭೇದ ಈಗ ನೂರಾರು ಪಟ್ಟಾಗಿದೆ. ದಾರಿ ಉದ್ದವಾದಂತೆ ನಷ್ಟ ಕೂಡುತ್ತಾ ಹೋಗುವುದಿಲ್ಲ, ಗುಣಿಸುತ್ತಾ ಹೋಗುತ್ತದೆ. ಕೊನೆಯ ಕೆಲವು ನಿಮಿಷಗಳಲ್ಲಿ ಬಣ್ಣ ಅಷ್ಟು ವೇಗವಾಗಿ ಬದಲಾಗುವುದಕ್ಕೆ ಇದೇ ಕಾರಣ.

ದಿಗಂತದ ಮೋಡವೇ ಏಕೆ?

ಈ ವಿವರಣೆ ಇಷ್ಟಕ್ಕೇ ನಿಂತರೆ ಒಂದು ಪ್ರಶ್ನೆ ಉಳಿದುಬಿಡುತ್ತದೆ. ಅನೇಕ ಸಂಜೆಗಳಲ್ಲಿ ತಲೆಯ ಮೇಲಿನ ಮೋಡ ಬಿಳಿಯಾಗಿಯೋ ಬೂದಾಗಿಯೋ ಇರುತ್ತದೆ, ಅದೇ ಗಳಿಗೆಯಲ್ಲಿ ದಿಗಂತದ ಮೋಡ ಕೆಂಪಾಗಿರುತ್ತದೆ. ಎರಡಕ್ಕೂ ಬೆಳಕು ಕೊಡುವವನು ಒಬ್ಬನೇ ಸೂರ್ಯ. ಹಾಗಾದರೆ ಈ ಭೇದವೇಕೆ?

ಸಾಮಾನ್ಯ ವಿವರಣೆಗಳು ಬಿಟ್ಟುಬಿಡುವ ಸಂಗತಿ ಇಲ್ಲಿದೆ. ಬೆಳಕಿನ ಪಯಣ ಎರಡು ಭಾಗಗಳದ್ದು. ಮೊದಲನೆಯದು ಸೂರ್ಯನಿಂದ ಮೋಡಕ್ಕೆ, ಎರಡನೆಯದು ಮೋಡದಿಂದ ಕಣ್ಣಿಗೆ. ಕೆಂಪಿಗೆ ಎರಡೂ ತಮ್ಮ ಪಾಲು ಸೇರಿಸುತ್ತವೆ. ತಲೆಯ ಮೇಲೆ ಎರಡು ಕಿಲೋಮೀಟರ್ ಎತ್ತರದಲ್ಲಿರುವ ಮೋಡದಿಂದ ಹೊರಟ ಬೆಳಕು ನಮ್ಮನ್ನು ಮುಟ್ಟಲು ಎರಡೇ ಕಿಲೋಮೀಟರ್ ಗಾಳಿಯನ್ನು ಹಾಯಬೇಕು. ಅದೇ ಎತ್ತರದ ಮೋಡ ದಿಗಂತದಲ್ಲಿ ಕಂಡರೆ ಅದು ನಮ್ಮಿಂದ ಸುಮಾರು 160 ಕಿಲೋಮೀಟರ್ ದೂರದಲ್ಲಿರುತ್ತದೆ. ಹತ್ತು ಕಿಲೋಮೀಟರ್ ಎತ್ತರದ ಮೋಡವಾದರೆ 350 ಕಿಲೋಮೀಟರ್ ಆಚೆ. ಇಡೀ ವಾಯುಮಂಡಲವನ್ನು ನೆಲಮಟ್ಟದ ಸಾಂದ್ರತೆಗೆ ಒತ್ತಿದರೆ ಅದರ ದಪ್ಪ ಸುಮಾರು 8 ಕಿಲೋಮೀಟರ್ ಮಾತ್ರ. ಅಂದರೆ ದಿಗಂತದ ಮೋಡದಿಂದ ನಮ್ಮ ತನಕ ಬರುವ ಬೆಳಕು, ನೆತ್ತಿಯ ಮೇಲಿನ ಇಡೀ ವಾಯುಮಂಡಲದ ಹದಿನೈದು ಪಟ್ಟಿಗೂ ಹೆಚ್ಚು ಗಾಳಿಯನ್ನು ಈ ಎರಡನೆಯ ಪಯಣದಲ್ಲೇ ಹಾಯುತ್ತದೆ.

ಈ ಎರಡನೆಯ ಪಯಣದ ಪರಿಣಾಮವನ್ನು ಹಗಲಿನಲ್ಲೂ ಕಾಣಬಹುದು. ತಿಳಿಯಾದ ದಿನ ನಡುಮಧ್ಯಾಹ್ನವೂ ದೂರದ ಬಿಳಿ ಮೋಡರಾಶಿ ಅಚ್ಚಬಿಳಿಯಾಗಿರುವುದಿಲ್ಲ, ತುಸು ಹಳದಿಗೆ ತಿರುಗಿರುತ್ತದೆ. ವಿಚಿತ್ರವೆಂದರೆ ಅದೇ ದಿಕ್ಕಿನಲ್ಲಿರುವ ದೂರದ ಬೆಟ್ಟ ನೀಲಿಯಾಗಿ ಕಾಣುತ್ತದೆ. ಇದು ವಿರೋಧವಲ್ಲ. ನಡುವಿನ ಗಾಳಿ ಒಂದೇ ಕಾಲಕ್ಕೆ ಎರಡು ಕೆಲಸ ಮಾಡುತ್ತದೆ: ದೂರದ ವಸ್ತುವಿನಿಂದ ಬರುವ ಬೆಳಕಿನಿಂದ ನೀಲಿಯನ್ನು ತೆಗೆಯುತ್ತದೆ, ಜೊತೆಗೆ ಸೂರ್ಯನ ನೀಲಿಯನ್ನು ನಮ್ಮತ್ತ ಚದುರಿಸಿ ಸೇರಿಸುತ್ತದೆ. ಬೆಟ್ಟ ಕಪ್ಪು, ಅದರಿಂದ ಕಳೆಯಲು ಬೆಳಕೇ ಇಲ್ಲವಾದ್ದರಿಂದ ಸೇರಿಸಿದ ನೀಲಿ ಮಾತ್ರ ಕಾಣುತ್ತದೆ. ಮೋಡ ಪ್ರಕಾಶಮಾನ, ಅದು ಕಳೆದುಕೊಳ್ಳುವ ನೀಲಿ ಸೇರಿದ ನೀಲಿಗಿಂತ ಹೆಚ್ಚು. ಆದ್ದರಿಂದ ಹಳದಿ.

ಸಂಜೆ ಈ ಸಮತೋಲನ ಪೂರ್ತಿ ಕೆಂಪಿನ ಕಡೆಗೆ ವಾಲುತ್ತದೆ. ಮೊದಲ ಪಯಣದಲ್ಲೇ ಬೆಳಕು ನೀಲಿಯನ್ನು ಕಳೆದುಕೊಂಡಿರುತ್ತದೆ. ನಡುವಿನ ಗಾಳಿಗೆ ಬೀಳುವ ಬೆಳಕಿನಲ್ಲೂ ನೀಲಿ ಕಡಿಮೆ, ಹಾಗಾಗಿ ಸೇರಿಸಲು ಅದರ ಬಳಿ ಹೆಚ್ಚೇನೂ ಇರುವುದಿಲ್ಲ. ಉಳಿದಿದ್ದ ಚೂರುಪಾರು ಹಸಿರು-ಹಳದಿಯನ್ನೂ ಎರಡನೆಯ ಪಯಣ ತೆಗೆದುಬಿಡುತ್ತದೆ. ಪಶ್ಚಿಮದಲ್ಲಿ ಸೂರ್ಯ ಮುಳುಗುವಾಗ ಪೂರ್ವದ ದಿಗಂತದ ಮೋಡವೂ ಕೆಂಪಾಗುವುದು ಅನೇಕರನ್ನು ಗಲಿಬಿಲಿಗೊಳಿಸುತ್ತದೆ. ಅದೂ ಇದೇ ಲೆಕ್ಕ: ಸೂರ್ಯನ ಬೆಳಕು ನಮ್ಮನ್ನು ದಾಟಿ, ಇನ್ನಷ್ಟು ಗಾಳಿಯಲ್ಲಿ ಸಾಗಿ, ಪೂರ್ವದ ಮೋಡವನ್ನು ಮುಟ್ಟಿ ಮತ್ತೆ ಅಷ್ಟೇ ದೂರ ಹಿಂದಿರುಗಿ ಬರುತ್ತದೆ.

ಸೂರ್ಯ ಮುಳುಗಿದ ಮೇಲಿನ ನಿಮಿಷಗಳು

ಮೋಡ ಅತಿ ಹೆಚ್ಚು ಕೆಂಪಾಗುವುದು ಸೂರ್ಯ ಕಾಣುತ್ತಿರುವಾಗಲ್ಲ, ಮರೆಯಾದ ಮೇಲೆ. ನೆಲದಲ್ಲಿರುವವರಿಗೆ ಮುಳುಗಿದ ಸೂರ್ಯ ಎತ್ತರದ ಮೋಡಕ್ಕೆ ಇನ್ನೂ ಕಾಣುತ್ತಿರುತ್ತಾನೆ. ಹತ್ತು ಕಿಲೋಮೀಟರ್ ಎತ್ತರದ ಹಿಮಹರಳಿನ ಮೋಡಕ್ಕೆ ಸೂರ್ಯ ಮರೆಯಾಗುವುದು, ನಮಗೆ ಮುಳುಗಿದ ಮೇಲೆ ಇನ್ನೂ ಸುಮಾರು ಮೂರು ಡಿಗ್ರಿ ಕೆಳಗಿಳಿದ ನಂತರ. ಸಮಭಾಜಕದ ಹತ್ತಿರ ಇದಕ್ಕೆ ಹನ್ನೆರಡು-ಹದಿಮೂರು ನಿಮಿಷ ಸಾಕು; ಸೂರ್ಯ ಓರೆಯಾಗಿ ಇಳಿಯುವ ಉನ್ನತ ಅಕ್ಷಾಂಶಗಳಲ್ಲಿ ಇನ್ನೂ ಹೆಚ್ಚು ಹೊತ್ತು ಬೇಕು. ಎರಡು ಕಿಲೋಮೀಟರ್ ಎತ್ತರದ ಮೋಡಕ್ಕೆ ಐದಾರು ನಿಮಿಷ ಮಾತ್ರ. ಆಕಾಶದಲ್ಲಿ ಬೇರೆ ಬೇರೆ ಎತ್ತರದ ಮೋಡಗಳಿದ್ದರೆ ಕೆಳಗಿನವು ಮೊದಲು ಬೂದಾಗುತ್ತವೆ, ಮೇಲಿನವು ಆ ಬಳಿಕವೂ ಉರಿಯುತ್ತಿರುತ್ತವೆ.

ಈ ನಿಮಿಷಗಳಲ್ಲಿ ಬೆಳಕು ಹಾಯುವ ದಾರಿ ಗಮನಾರ್ಹ. ಅದು ವಾಯುಮಂಡಲವನ್ನು ಹೊಕ್ಕು, ಭೂಮಿಯ ಮೇಲ್ಮೈಯನ್ನು ಸವರಿಕೊಂಡು, ಮತ್ತೆ ಮೇಲೇರಿ ಮೋಡದ ತಳವನ್ನು ಮುಟ್ಟುತ್ತದೆ. ಹಾಗಾಗಿ ಗಾಳಿಯ ದಾರಿ ದಿಗಂತದ ಸೂರ್ಯನ 38 ಪಟ್ಟನ್ನೂ ಮೀರುತ್ತದೆ. ಮೋಡದ ತಳ ಹೊಳೆಯುವುದೂ ಇದರಿಂದಲೇ; ಬೆಳಕು ಬರುತ್ತಿರುವುದು ಕೆಳಗಿನಿಂದ. ಪೂರ್ಣ ಚಂದ್ರಗ್ರಹಣದಲ್ಲಿ ಚಂದ್ರ ಕೆಂಪಾಗುವುದೂ ಹೀಗೆ ಭೂಮಿಯನ್ನು ಸವರಿ ಆಚೆಗೆ ಹೋದ ಬೆಳಕಿನಿಂದಲೇ.

ಇಲ್ಲಿಯೇ ‘ಕೆಲವೊಮ್ಮೆ ಮಾತ್ರ ಏಕೆ?’ ಎಂಬುದಕ್ಕೂ ಉತ್ತರ ಸಿಗುತ್ತದೆ. ಮೋಡದ ತಳಕ್ಕೆ ಬೆಳಕು ತಲುಪಬೇಕಾದರೆ ಸೂರ್ಯನ ದಿಕ್ಕಿನಲ್ಲಿ ನೂರಾರು ಕಿಲೋಮೀಟರ್ ದೂರದ ತನಕ ದಾರಿ ತೆರೆದಿರಬೇಕು. ನಮಗೆ ಕಾಣದಷ್ಟು ದೂರದಲ್ಲಿ ಒಂದು ದಟ್ಟ ಮೋಡದ ಗೋಡೆ ಎದ್ದಿದ್ದರೂ ಸಾಕು, ಇಲ್ಲಿಯ ಸಂಜೆ ಬಣ್ಣವಿಲ್ಲದೆ ಮುಗಿಯುತ್ತದೆ.

ಮಾಲಿನ್ಯ ಹೆಚ್ಚಿದರೆ ಸಂಜೆ ಚೆಂದವೇ?

ಇನ್ನು ವಾದದ ವಿಷಯ. ಗಾಳಿ ಕೊಳೆಯಾದಷ್ಟೂ ಸೂರ್ಯಾಸ್ತ ಸುಂದರ ಎಂಬ ನಂಬಿಕೆ ಬಹಳ ಗಟ್ಟಿಯಾಗಿದೆ. ಅದರ ಹಿಂದೆ ಒಂದು ತರ್ಕವೂ ಇದೆ: ಗಾಳಿಯ ಅಣುಗಳೇ ನೀಲಿಯನ್ನು ಚದುರಿಸುವಾಗ, ಇನ್ನಷ್ಟು ಕಣಗಳು ಸೇರಿದರೆ ಇನ್ನಷ್ಟು ಚದುರಬೇಕಲ್ಲವೇ?

ಅಮೆರಿಕದ ಹವಾಮಾನ ತಜ್ಞ ಸ್ಟೀಫನ್ ಕೋರ್ಫಿಡಿ ಈ ನಂಬಿಕೆಯನ್ನು ಬಲವಾಗಿ ಪ್ರಶ್ನಿಸಿದವರಲ್ಲಿ ಒಬ್ಬರು. ಅವರ ವಾದದಂತೆ ಹೊಳಪಾದ ಸಂಧ್ಯಾರಾಗಕ್ಕೆ ಬೇಕಾದದ್ದು ಶುದ್ಧವಾದ ಕೆಳಗಾಳಿ. ಚದುರಿಸುವ ಕಣದ ಗಾತ್ರವೇ ಇಲ್ಲಿ ನಿರ್ಣಾಯಕ. ತರಂಗಾಂತರಕ್ಕಿಂತ ಬಹಳ ಸಣ್ಣ ಕಣಗಳು ಅಣುಗಳಂತೆಯೇ ನೀಲಿಯನ್ನು ಆರಿಸಿ ತೆಗೆಯುತ್ತವೆ. ಆದರೆ ನಗರದ ಹೊಗೆ-ಮಂಜಿನಲ್ಲಿ ತೇವ ಹೀರಿ ಉಬ್ಬಿದ, ತರಂಗಾಂತರದಷ್ಟೇ ಅಥವಾ ಅದಕ್ಕಿಂತ ದೊಡ್ಡದಾದ ಕಣಗಳು ಬಹಳ. 1908ರಲ್ಲಿ ಜರ್ಮನಿಯ ಗುಸ್ತಾವ್ ಮೀ ಕೊಟ್ಟ ಸಿದ್ಧಾಂತದ ಪ್ರಕಾರ ಅಂಥ ಕಣಗಳಲ್ಲಿ ಬಣ್ಣದ ಪಕ್ಷಪಾತ ಕುಗ್ಗುತ್ತದೆ. ಅವು ಕೆಂಪನ್ನೂ ತಡೆಯುತ್ತವೆ, ಎಲ್ಲ ದಿಕ್ಕಿಗೂ ಮಬ್ಬು ಬೆಳಕನ್ನು ಹರಡುತ್ತವೆ. ಸೂರ್ಯನ ಬಿಂಬ ಮಾತ್ರ ಮಂಕಾದ ಕೆಂಪಾಗಿ ಕಾಣುತ್ತದೆ. ಮೋಡಗಳ ಬಣ್ಣ ಕೊಳೆಯಾದ ಹಳದಿ-ಕಂದಿಗೆ ಇಳಿದು, ದಿಗಂತವನ್ನು ಮುಟ್ಟುವ ಮೊದಲೇ ಎಲ್ಲವೂ ಅಳಿಸಿಹೋಗುತ್ತದೆ.

ಎರಡು ವಾದಗಳಲ್ಲಿ ಕೋರ್ಫಿಡಿಯವರದೇ ಭೌತವಿಜ್ಞಾನಕ್ಕೆ ಹೆಚ್ಚು ಒಪ್ಪುತ್ತದೆ. ಕಣಗಳಿದ್ದರೆ ಕೆಂಪು ಹೆಚ್ಚುತ್ತದೆ ಎಂಬುದು ಸಣ್ಣ ಕಣಗಳ ಮಟ್ಟಿಗೆ ನಿಜ, ಕೊಳೆಗಾಳಿಯೆಲ್ಲದಕ್ಕೂ ನಿಜವಲ್ಲ. ದಿಗಂತದ ಅಂಚಿನ ತನಕ ಚೂಪಾಗಿ ಕಾಣುವ ಕೆಂಪು ಮೋಡ ಕೆಳಗಾಳಿ ತಿಳಿಯಾಗಿದೆ ಎಂಬುದಕ್ಕೇ ಹೆಚ್ಚು ಹತ್ತಿರದ ಸಾಕ್ಷಿ. ಅದನ್ನು ಮಾಲಿನ್ಯದ ಗುರುತೆಂದು ಹೇಳುವ ಸಂದೇಶಗಳು ಜನರನ್ನು ತಪ್ಪು ದಿಕ್ಕಿಗೆ ಒಯ್ಯುತ್ತವೆ. ನಿಜಕ್ಕೂ ಕೆಟ್ಟ ಗಾಳಿ ಬಿಳಿಚಿಕೊಂಡ, ಬಣ್ಣವೇ ಇಲ್ಲದ ಸಂಜೆಯಾಗಿ ಎದುರಿಗಿರುತ್ತದೆ, ಯಾರೂ ಅದರ ಚಿತ್ರ ತೆಗೆಯುವುದಿಲ್ಲ.

ಹೊಗೆ, ಮರಳುಗಾಡಿನ ದೂಳು

ಹಾಗೆಂದು ಕಣಗಳಿಂದ ಕೆಂಪಾಗುವ ಆಕಾಶ ಇಲ್ಲವೇ ಇಲ್ಲ ಎಂದಲ್ಲ. ಅದರ ಲಕ್ಷಣ ಬೇರೆ. ಸೂರ್ಯ ಎತ್ತರದಲ್ಲಿರುವಾಗಲೇ ಆಕಾಶ ಅಥವಾ ಮೋಡ ಕೆಂಪಾದರೆ ಅದಕ್ಕೆ ಸಾಮಾನ್ಯ ಗಾಳಿಯಷ್ಟೇ ಕಾರಣವಾಗಲು ಸಾಧ್ಯವಿಲ್ಲ. ಮೇಲಿನ ಅಂಕಿಗಳೇ ಅದನ್ನು ಹೇಳುತ್ತವೆ: ನಡುನೆತ್ತಿಯ ಸೂರ್ಯನಿಂದ ಗಾಳಿ ಕಳೆಯುವ ನೀಲಿ ಐದರಲ್ಲಿ ಒಂದು ಪಾಲು ಮಾತ್ರ.

ಜಾಂಬಿಯಲ್ಲಿ ಆದದ್ದು ಅದೇ. ಸುಮಾತ್ರಾ ದ್ವೀಪದ ಕಾಡುಗಳೂ ಅವುಗಳ ಕೆಳಗಿನ ಕೊಳೆತ ಸಸ್ಯಶೇಷದ ನೆಲವೂ ಹೊತ್ತಿ ಉರಿಯುತ್ತಿದ್ದವು. ದಟ್ಟ ಹೊಗೆಯ ಸೂಕ್ಷ್ಮ ಕಣಗಳಿಂದಾದ ಚದುರುವಿಕೆಯೇ ಕಾರಣವೆಂದು ಇಂಡೊನೇಷ್ಯಾದ ಹವಾಮಾನ ಸಂಸ್ಥೆ ತಿಳಿಸಿತು. ಅಲ್ಲಿನ ಜನ ಉಸಿರಾಡುತ್ತಿದ್ದುದು ಅದೇ ಕಣಗಳನ್ನು. ‘ಬೆಳಕಿನ ಚದುರುವಿಕೆ, ಹೆದರಬೇಕಾಗಿಲ್ಲ’ ಎಂಬ ಮಾತು ಅಂಥ ಜಾಗದಲ್ಲಿ ಅಪಾಯಕಾರಿ.

ಸ್ಯಾನ್ ಫ್ರಾನ್ಸಿಸ್ಕೊದ ಘಟನೆ ಇನ್ನೊಂದು ಸೂಕ್ಷ್ಮವನ್ನು ಕಲಿಸುತ್ತದೆ. ಕಾಡ್ಗಿಚ್ಚಿನ ಹೊಗೆ ಸಮುದ್ರದಿಂದ ಬಂದ ತಂಪು ಗಾಳಿಯ ಪದರದ ಮೇಲೆ ತೇಲುತ್ತಿತ್ತು. ಆದ್ದರಿಂದ ಬಣ್ಣ ಅತಿ ಗಾಢವಾಗಿದ್ದ ದಿನ ನೆಲಮಟ್ಟದ ಗಾಳಿ ಇದ್ದುದರಲ್ಲಿ ವಾಸಿಯಾಗಿತ್ತು; ಬಣ್ಣ ತಗ್ಗಿ, ಹೊಗೆ ಕೆಳಗಿಳಿದ ಮುಂದಿನ ದಿನಗಳಲ್ಲಿ ಗಾಳಿ ಇನ್ನೂ ಕೆಟ್ಟಿತು. ಬಣ್ಣ ನೋಡಿ ಮುಖಗವಸು ತೆಗೆಯುವುದೋ ಹಾಕುವುದೋ ಎಂದು ತೀರ್ಮಾನಿಸುವಂತಿಲ್ಲ, ಗಾಳಿಯ ಗುಣಮಟ್ಟದ ಅಂಕಿಯನ್ನೇ ನೋಡಬೇಕು.

ಅಥೆನ್ಸ್‌ನ ಕಿತ್ತಳೆ ಬಣ್ಣಕ್ಕೆ ಸಹಾರಾ ಮರುಭೂಮಿಯಿಂದ ಹಾರಿಬಂದ ದೂಳು ಕಾರಣವಾಗಿತ್ತು. ಮರಳುಗಾಡಿನ ದೂಳಿನಲ್ಲಿ ಕಬ್ಬಿಣದ ಆಕ್ಸೈಡ್ ಇರುತ್ತದೆ. ಅದು ನೀಲಿಯನ್ನು ಚದುರಿಸುವುದಕ್ಕಿಂತ ಹೀರಿಕೊಳ್ಳುತ್ತದೆ. ಕಣದ ಗಾತ್ರ ಬಣ್ಣವನ್ನು ಎಷ್ಟು ಬದಲಿಸಬಲ್ಲದು ಎಂಬುದಕ್ಕೆ ಮಂಗಳ ಗ್ರಹ ಒಳ್ಳೆಯ ಉದಾಹರಣೆ. ಅಲ್ಲಿ ಗಾಳಿ ತೆಳು, ದೂಳು ಹೆಚ್ಚು. ಹಗಲು ಆಕಾಶ ಕೆಂಗಂದು, ಸೂರ್ಯಾಸ್ತದ ಸುತ್ತ ನೀಲಿ. 2015ರಲ್ಲಿ ಕ್ಯೂರಿಯಾಸಿಟಿ ನೌಕೆ ಆ ನೀಲಿ ಸೂರ್ಯಾಸ್ತದ ಬಣ್ಣದ ಚಿತ್ರವನ್ನು ಕಳಿಸಿತು.

ಜ್ವಾಲಾಮುಖಿಯ ಸಂಜೆಗಳು

1883ರ ಆಗಸ್ಟ್ 27ರಂದು ಇಂಡೊನೇಷ್ಯಾದ ಕ್ರಾಕಟೋವಾ ಜ್ವಾಲಾಮುಖಿ ಸಿಡಿಯಿತು. ಅದೇ ವರ್ಷದ ನವೆಂಬರ್ ಕೊನೆಯಲ್ಲಿ ಅಮೆರಿಕದ ಪೊಕಿಪ್ಸಿ ಮತ್ತು ನ್ಯೂ ಹೇವನ್ ಊರುಗಳಲ್ಲಿ ಸಂಜೆಯ ಕೆಂಪನ್ನು ಕಂಡು ಜನ ಬೆಂಕಿ ಬಿತ್ತೆಂದು ಅಗ್ನಿಶಾಮಕ ಬಂಡಿಗಳನ್ನು ಕರೆಸಿದರು. ಜಗತ್ತಿನ ಮೂಲೆಮೂಲೆಯಿಂದ ಬಂದ ಇಂಥ ವರದಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿ 1888ರಲ್ಲಿ ಒಟ್ಟುಗೂಡಿಸಿ ಪ್ರಕಟಿಸಿತು.

ಇಲ್ಲಿ ಕೆಲಸ ಮಾಡಿದ್ದು ಬೂದಿಗಿಂತ ಹೆಚ್ಚಾಗಿ ಗಂಧಕ. ದೊಡ್ಡ ಸ್ಫೋಟಗಳು ಸಲ್ಫರ್ ಡೈಆಕ್ಸೈಡ್ ಅನಿಲವನ್ನು 20 ಕಿಲೋಮೀಟರ್‌ಗೂ ಎತ್ತರದ ಸ್ತರಗೋಳಕ್ಕೆ, ಅಂದರೆ ಮೋಡಗಳಿಗೂ ಮೇಲಿನ ವಾಯುಪದರಕ್ಕೆ, ಚಿಮ್ಮಿಸುತ್ತವೆ. ಅಲ್ಲಿ ಅದು ಗಂಧಕಾಮ್ಲದ ಅತಿ ಸೂಕ್ಷ್ಮ ಹನಿಗಳಾಗುತ್ತದೆ. ಮಳೆ ಬಾರದ ಆ ಎತ್ತರದಲ್ಲಿ ಅವು ತಿಂಗಳುಗಟ್ಟಲೆ, ಕೆಲವೊಮ್ಮೆ ಒಂದೆರಡು ವರ್ಷ ಉಳಿಯುತ್ತವೆ. ಮೋಡಗಳು ಕತ್ತಲಾದ ಮೇಲೂ ಈ ಪದರಕ್ಕೆ ಸೂರ್ಯ ಕಾಣುತ್ತಿರುತ್ತಾನೆ. ಹೀಗಾಗಿ ಮುಗಿಯಿತೆಂದುಕೊಂಡ ಸಂಜೆ ಮತ್ತೊಮ್ಮೆ ನೇರಳೆ-ಕೆಂಪಾಗಿ ಹೊತ್ತಿಕೊಳ್ಳುತ್ತದೆ. ನೇರಳೆಯಲ್ಲಿ ಓಝೋನ್‌ನ ಪಾಲೂ ಇದೆ. ಅದು ಹಳದಿ-ಕಿತ್ತಳೆಯನ್ನು ಹೀರಿಕೊಳ್ಳುತ್ತದೆ. ಮುಸ್ಸಂಜೆಯಲ್ಲಿ ನಡುನೆತ್ತಿಯ ಆಕಾಶ ನೀಲಿಯಾಗಿಯೇ ಉಳಿಯುವುದಕ್ಕೆ ಓಝೋನ್ ಕಾರಣವೆಂದು ಎಡ್ವರ್ಡ್ ಹಲ್ಬರ್ಟ್ 1953ರಲ್ಲಿ ತೋರಿಸಿದರು. 1991ರಲ್ಲಿ ಫಿಲಿಪ್ಪೀನ್ಸ್‌ನ ಪಿನಟೂಬೊ, 2022ರ ಜನವರಿಯಲ್ಲಿ ಟೊಂಗಾದ ಸಮುದ್ರತಳದ ಜ್ವಾಲಾಮುಖಿ ಸಿಡಿದಾಗಲೂ ಇಂಥ ಸಂಜೆಗಳು ಬಂದುಹೋದವು.

ಸೂರ್ಯನಿಲ್ಲದ ಕೆಂಪು

ಮತ್ತೆ ಝೌಶಾನ್‌ಗೆ ಬರೋಣ. ರಾತ್ರಿಯ ಹೊತ್ತು ಸೂರ್ಯನ ಬೆಳಕಿನ ಪ್ರಶ್ನೆಯೇ ಇಲ್ಲ. ಆ ದಿನ ಸೂರ್ಯನ ಚಟುವಟಿಕೆಯೂ ಭೂಕಾಂತತ್ವವೂ ಶಾಂತವಾಗಿದ್ದವು ಎಂದು ಚೀನಾದ ವಿಜ್ಞಾನಿಗಳು ಹೇಳಿದರು. ಉಳಿದದ್ದು ನೆಲದ ದೀಪ. ಅಂದು ಮೋಡ ತಗ್ಗಿನಲ್ಲಿತ್ತು, ಗಾಳಿಯಲ್ಲಿ ತೇವ ತುಂಬಿತ್ತು. ಮೀನುಗಾರಿಕೆಯ ಹಡಗು ಬಳಸುವ ಪ್ರಬಲ ಕೆಂಪು ದೀಪಗಳ ಬೆಳಕು ಆ ಮೋಡದ ತಳಕ್ಕೆ ಬಿದ್ದು ಹರಡಿತು ಎಂಬುದೇ ಸ್ಥಳೀಯ ಹವಾಮಾನ ಸಿಬ್ಬಂದಿ ಕೊಟ್ಟ ವಿವರಣೆ. ಪರದೆ ಅದೇ, ದೀಪ ಮಾತ್ರ ಬದಲಾಗಿತ್ತು.

ನಗರಗಳ ಮೇಲಿನ ಮೋಡ ರಾತ್ರಿಯಲ್ಲಿ ಕಿತ್ತಳೆಯಾಗಿ ಕಾಣುವುದೂ ಹೀಗೆಯೇ. ಸೋಡಿಯಂ ಬೀದಿದೀಪಗಳ ಕಾಲದಲ್ಲಿ ಅದು ಎಲ್ಲೆಡೆಯ ನೋಟವಾಗಿತ್ತು. ಎಲ್‌ಇಡಿ ದೀಪಗಳು ಬಂದಂತೆ ಆ ಮೋಡಗಳು ಬಿಳಿಚಿಕೊಳ್ಳುತ್ತಿವೆ.

ಧ್ರುವಪ್ರದೇಶಗಳ ರಾತ್ರಿ ಆಕಾಶದಲ್ಲಿ ಕಾಣುವ ಬಣ್ಣದ ಬೆಳಕಾದ ಧ್ರುವಪ್ರಭೆಯದು (ಅರೋರಾ) ಬೇರೆಯೇ ಲೆಕ್ಕ. 2024ರ ಮೇ 10-11ರ ಪ್ರಬಲ ಸೌರ ಬಿರುಗಾಳಿಯ ವೇಳೆ ಲಡಾಖ್‌ನ ಹಾನ್ಲೆಯಲ್ಲಿ ಕೂಡ ದಿಗಂತ ಕೆಂಪಾಗಿ ಕಂಡಿತು. ಅದು ಮೋಡದ ಮೇಲೆ ಬಿದ್ದ ಬೆಳಕಲ್ಲ. 200 ಕಿಲೋಮೀಟರ್‌ಗೂ ಎತ್ತರದಲ್ಲಿ ಆಮ್ಲಜನಕದ ಪರಮಾಣುಗಳು ತಾವೇ ಹೊಮ್ಮಿಸುವ 630 ನ್ಯಾನೊಮೀಟರ್‌ನ ಬೆಳಕು. ಧ್ರುವಪ್ರಭೆಯ ಹಸಿರು ಭಾಗ ಇನ್ನೂ ಕೆಳಮಟ್ಟದ್ದು. ಅಷ್ಟು ದೂರದಿಂದ ನೋಡುವವರಿಗೆ ಅದು ದಿಗಂತದ ಕೆಳಗೆ ಮರೆಯಾಗಿ, ಮೇಲಿನ ಕೆಂಪು ಭಾಗವಷ್ಟೇ ಕಾಣುತ್ತದೆ. ಇದನ್ನು ಮೋಡದಿಂದ ಬೇರ್ಪಡಿಸುವುದು ಕಷ್ಟವಲ್ಲ: ಧ್ರುವಪ್ರಭೆಯ ಮೂಲಕ ನಕ್ಷತ್ರಗಳು ಕಾಣುತ್ತವೆ.

ಮೊಬೈಲ್ ಹೇಳುವ ಬಣ್ಣ

ಈ ಚರ್ಚೆಗಳಲ್ಲಿ ಸಾಕ್ಷಿಯಾಗಿ ಬರುವುದು ಮೊಬೈಲ್ ಚಿತ್ರಗಳು. ಅವುಗಳನ್ನು ನಂಬುವ ಮೊದಲು ಯೋಚಿಸಬೇಕು. ಬಿಳಿ ವಸ್ತು ಯಾವ ಬೆಳಕಿನಲ್ಲೂ ಬಿಳಿಯಾಗಿಯೇ ಕಾಣುವಂತೆ ಕ್ಯಾಮೆರಾ ಬಣ್ಣಗಳನ್ನು ತಾನೇ ಸರಿಹೊಂದಿಸುತ್ತದೆ. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅನೇಕರ ಮೊಬೈಲ್‌ಗಳು ಆ ಕಿತ್ತಳೆ ಆಕಾಶವನ್ನು ಬರಿಯ ಬೂದು ಮಾಡಿಬಿಟ್ಟವು. ವಿರುದ್ಧವೂ ಆಗುತ್ತದೆ: ಸೂರ್ಯಾಸ್ತವೆಂದು ಗುರುತಿಸಿದ ಕೆಲವು ಕ್ಯಾಮೆರಾಗಳು ಕೆಂಪನ್ನು ಇನ್ನಷ್ಟು ಗಾಢಗೊಳಿಸುತ್ತವೆ. ರಾತ್ರಿ ಚಿತ್ರಗಳಲ್ಲಂತೂ ಕಣ್ಣಿಗೆ ಅಸ್ಪಷ್ಟವಾಗಿದ್ದ ಬಣ್ಣವನ್ನು ಸಂವೇದಕ ಹಲವು ಸೆಕೆಂಡು ಕೂಡಿಸಿ ತೋರಿಸುತ್ತದೆ. ಸುಳ್ಳು ಹೇಳುವ ಉದ್ದೇಶ ಯಾರಿಗೂ ಇಲ್ಲದೆಯೇ ಒಂದೇ ಆಕಾಶದ ಎರಡು ಭಿನ್ನ ಚಿತ್ರಗಳು ಹುಟ್ಟಬಹುದು.

ಭೂಕಂಪ, ಮಳೆ ಮತ್ತು ಕೆಂಪು ಮೋಡ

ಕೆಂಪು ಮೋಡ ಭೂಕಂಪವನ್ನು ಮುಂಚಿತವಾಗಿ ತಿಳಿಸುತ್ತದೆ ಎಂಬುದಕ್ಕೆ ಯಾವ ಆಧಾರವೂ ಇಲ್ಲ. ಯಾವುದೇ ದೊಡ್ಡ ಭೂಕಂಪವನ್ನು ಯಾವ ವಿಜ್ಞಾನಿಯೂ ಈವರೆಗೆ ಮುನ್ನುಡಿದಿಲ್ಲ ಎಂದು ಅಮೆರಿಕದ ಭೂಗರ್ಭ ಸರ್ವೇಕ್ಷಣಾ ಸಂಸ್ಥೆ ಸ್ಪಷ್ಟವಾಗಿ ಹೇಳುತ್ತದೆ. ಇಂಥ ಸಂದೇಶಗಳಿಂದ ಜನ ರಾತ್ರಿ ಬೀದಿಗೆ ಬಂದರೆ ಆಗುವ ತೊಂದರೆ ಮಾತ್ರ ನಿಜವಾದದ್ದು.

ಹವೆಯ ಬಗ್ಗೆ ಇರುವ ಹಳೆಯ ನಂಬಿಕೆಯನ್ನು ಅಷ್ಟು ಸುಲಭವಾಗಿ ತಳ್ಳಿಹಾಕಲಾಗದು. ಸಂಜೆ ಕೆಂಪಾದರೆ ಮರುದಿನ ಒಳ್ಳೆಯ ಹವೆ, ಮುಂಜಾನೆ ಕೆಂಪಾದರೆ ಮಳೆ ಎಂಬ ಮಾತು ಯುರೋಪಿನ ನಾವಿಕರಲ್ಲಿ ಶತಮಾನಗಳಿಂದ ಇದೆ. ಯುರೋಪ್ ಮತ್ತು ಉತ್ತರ ಅಮೆರಿಕದ ಅಕ್ಷಾಂಶಗಳಲ್ಲಿ ಹವಾಮಾನ ವ್ಯವಸ್ಥೆಗಳು ಸಾಮಾನ್ಯವಾಗಿ ಪಶ್ಚಿಮದಿಂದ ಪೂರ್ವಕ್ಕೆ ಚಲಿಸುತ್ತವೆ. ಸಂಜೆ ಮೋಡ ಕೆಂಪಾಯಿತೆಂದರೆ ಪಶ್ಚಿಮದಲ್ಲಿ ನೂರಾರು ಕಿಲೋಮೀಟರ್ ತೆರವಾಗಿದೆ. ನಾಳೆ ಬರಲಿರುವುದು ಆ ತೆರವು. ಮುಂಜಾನೆ ಕೆಂಪಾದರೆ ತೆರವು ಪೂರ್ವಕ್ಕೆ ದಾಟಿಹೋಗಿದೆ, ಮೋಡ ಪಶ್ಚಿಮದಿಂದ ಬರುತ್ತಿದೆ. ಆದರೆ ಉಷ್ಣವಲಯದಲ್ಲಿ ಗಾಳಿಯ ದಿಕ್ಕು ಹಾಗಿರುವುದಿಲ್ಲ, ಮಧ್ಯಾಹ್ನದ ಬಿಸಿಗೆ ಮೋಡ ಇದ್ದಲ್ಲೇ ಎದ್ದು ಮಳೆ ಸುರಿಸುತ್ತದೆ. ಅಲ್ಲಿ ಈ ನಿಯಮಕ್ಕೆ ಕಾಲೂರಲು ನೆಲವಿಲ್ಲ.

ಉದ್ದೇಶಪೂರ್ವಕವಾಗಿ ಬಣ್ಣ ಬದಲಾದರೆ?

ಪಿನಟೂಬೊ ಸ್ಫೋಟದ ನಂತರ ಭೂಮಿಯ ಸರಾಸರಿ ತಾಪಮಾನ ತಾತ್ಕಾಲಿಕವಾಗಿ ಸುಮಾರು ಅರ್ಧ ಡಿಗ್ರಿ ಸೆಲ್ಸಿಯಸ್ ಇಳಿದಿತ್ತು. ಅದನ್ನೇ ಮಾದರಿಯಾಗಿಟ್ಟುಕೊಂಡು, ವಿಮಾನಗಳಿಂದ ಸ್ತರಗೋಳಕ್ಕೆ ಗಂಧಕದ ಕಣಗಳನ್ನು ಸಿಂಪಡಿಸಿ ಭೂಮಿಯನ್ನು ತಂಪಾಗಿಸಬಹುದೆಂಬ ಪ್ರಸ್ತಾಪ ಹಲವು ವರ್ಷಗಳಿಂದ ಚರ್ಚೆಯಲ್ಲಿದೆ. ಬೆಂಬಲಿಸುವವರು ತಾಪಮಾನ ಏರಿಕೆಯ ಹಾನಿಗೆ ಹೋಲಿಸಿದರೆ ಇದು ಸಣ್ಣ ಬೆಲೆ ಎನ್ನುತ್ತಾರೆ. ವಿರೋಧಿಸುವವರು ಮಳೆಯ ಹಂಚಿಕೆ ಏರುಪೇರಾಗಬಹುದು, ಓಝೋನ್ ಪದರಕ್ಕೆ ಪೆಟ್ಟು ಬೀಳಬಹುದು, ಒಮ್ಮೆ ಆರಂಭಿಸಿ ನಿಲ್ಲಿಸಿದರೆ ತಾಪ ಹಠಾತ್ತನೆ ಏರಬಹುದು ಎಂದು ಎಚ್ಚರಿಸುತ್ತಾರೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ಯೋಜಿಸಿದ್ದ ಸಣ್ಣ ಪ್ರಮಾಣದ ಹೊರಾಂಗಣ ಪ್ರಯೋಗವನ್ನು 2024ರ ಮಾರ್ಚ್‌ನಲ್ಲಿ ಕೈಬಿಡಲಾಯಿತು. ಅದಕ್ಕೂ ಮುಂಚೆ, 2023ರ ಜನವರಿಯಲ್ಲಿ, ಮೆಕ್ಸಿಕೊ ತನ್ನ ನೆಲದಲ್ಲಿ ಇಂಥ ಪ್ರಯೋಗಗಳನ್ನು ನಿಷೇಧಿಸುವುದಾಗಿ ಪ್ರಕಟಿಸಿತು.

ಆಕಾಶದ ಬಣ್ಣದ ಮಟ್ಟಿಗೆ ಪರಿಣಾಮವನ್ನು ಭೌತವಿಜ್ಞಾನ ಈಗಲೇ ಹೇಳಬಲ್ಲದು. ಆ ಕಣಗಳು ಅಣುಗಳಿಗಿಂತ ದೊಡ್ಡವು. ಹಗಲಿನ ನೀಲಿ ತುಸು ಬಿಳಿಚಿಕೊಳ್ಳುತ್ತದೆ, ಸೂರ್ಯ ಮುಳುಗಿದ ಮೇಲಿನ ಕೆಂಪು ಇನ್ನಷ್ಟು ಗಾಢವಾಗಿ ಇನ್ನಷ್ಟು ಹೊತ್ತು ನಿಲ್ಲುತ್ತದೆ. ಜ್ವಾಲಾಮುಖಿಯ ನಂತರ ಒಂದೆರಡು ವರ್ಷ ಕಾಣುವ ಸಂಜೆ, ಸಿಂಪಡಣೆ ನಡೆಯುವಷ್ಟು ಕಾಲವೂ ಎಲ್ಲ ದೇಶಗಳ ಮೇಲೆ, ಒಪ್ಪಿದವರಿಗೂ ಒಪ್ಪದವರಿಗೂ, ಪ್ರತಿದಿನದ ಸಂಜೆಯಾಗುತ್ತದೆ. ಯಾವ ದೇಶ ಯಾರ ಅನುಮತಿ ಪಡೆದು ಇದನ್ನು ಆರಂಭಿಸಬಹುದು ಎಂಬುದನ್ನು ನಿರ್ಧರಿಸಲೆಂದೇ ರೂಪಿಸಿದ, ಎಲ್ಲರನ್ನೂ ಬದ್ಧಗೊಳಿಸುವ ಅಂತರರಾಷ್ಟ್ರೀಯ ಒಪ್ಪಂದ ಇನ್ನೂ ಇಲ್ಲ.